ಅತ್ತಿಗೆ ಹೇಳಬೇಕಿದ್ದ ಒಂದು ಸಾಲು

ನಮ್ಮ ಅತ್ತಿಗೆಗೆ ಸ್ಟೇಷನ್ನಿನಲ್ಲಿ ಇಟ್ಟಿದ್ದ ಹೆಸರು ಬೆಕ್ಕಮ್ಮ. ಬಂದದ್ದು ಗೊತ್ತಾಗುತ್ತಿರಲಿಲ್ಲ, ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಶಾಸ್ತ್ರೀಯ ಸಂಗೀತ ಬಿಟ್ಟು ಬೇರೇನೂ ಹಾಕದ ಆ ಪುಟ್ಟ ರೇಡಿಯೋ ಸ್ಟೇಷನ್ನಿನಲ್ಲಿ ಅವರು ಉದ್ಘೋಷಕಿ; ನಾನು ಗಾಜಿನ ಈಚೆ ಕೂತು ಧ್ವನಿ ಏರಿಸಿ ಇಳಿಸುವವನು. ನನಗೆ ಕೆಲಸ ಕೊಡಿಸಿದವರೂ ಅವರೇ. ಹಾಗಾಗಿ ಮನೆಯಲ್ಲೂ ಆಫೀಸಿನಲ್ಲೂ ಅವರ ಕೈಕೆಳಗೇ ಬಿದ್ದಿದ್ದೆ. ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ, ಒಂದು ಸಲ ನೋಡುತ್ತಿದ್ದರು. ಬೈಗುಳವೇ ವಾಸಿ.

ಸ್ಟುಡಿಯೋಕ್ಕೆ ಹೋಗುವ ಮೊದಲು ಕೈಗಡಿಯಾರ ಬಿಚ್ಚಿ ನನ್ನ ಮೇಜಿನ ಮೇಲಿಡುವರು, ಅದರ ಟಿಕ್ ಟಿಕ್ ಮೈಕಿಗೆ ಕೇಳಿಸೀತೆಂದು. ಚಪ್ಪಲಿ ಬಾಗಿಲಾಚೆ. ಕೆಮ್ಮು ಬಂದರೆ ಕಣ್ಣಲ್ಲಿ ನೀರು ಬಂದರೂ ಸರಿ, ನುಂಗಿಕೊಳ್ಳುವರು. ಎಲ್ಲಕ್ಕಿಂತ ದೊಡ್ಡ ರೂಢಿ ಇನ್ನೊಂದಿತ್ತು. ಹಾಡು ಮುಗಿದ ಕೂಡಲೇ ಅವರು ಮಾತಾಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಕೊನೆಯ ಸ್ವರ ಆರುವ ತನಕ, ಆರಿದ ಮೇಲೂ ಒಂದಷ್ಟು ಹೊತ್ತು ಸುಮ್ಮನೆ ಕಾಯುವರು.

"ಕೇಳಿದವರಿಗೆ ಉಸಿರಾಡೋಕೆ ಬಿಡ್ಬೇಕಪ್ಪ. ಕೊನೇ ತುತ್ತು ಬಾಯಲ್ಲಿರುವಾಗ್ಲೇ ತಟ್ಟೆ ಎಳ್ಕೊಂಡ್ರೆ ಹೇಗಿರತ್ತೆ?" ಎನ್ನುವರು. ಬೇರೆ ಸ್ಟೇಷನ್ನಿನವರು ನಗುತ್ತಿದ್ದರು. ನಮ್ಮ ಕೇಳುಗರು ಆ ಮೌನವನ್ನೂ ಮೆಚ್ಚಿ ಕಾಗದ ಬರೆಯುತ್ತಿದ್ದರು.

ಆ ಕೇಳುಗರಲ್ಲಿ ಮೊದಲನೆಯವಳು ನಮ್ಮ ಅಮ್ಮ. ಕಣ್ಣು ಮಂಜಾದ ಮೇಲಂತೂ ರೇಡಿಯೋ ಅವಳ ಕೈಬಿಟ್ಟು ಕೆಳಗಿಳಿಯಲಿಲ್ಲ. ಅಣ್ಣ ಲಾರಿ ಹತ್ತಿದರೆ ಮನೆ ಮುಖ ನೋಡುವುದು ಅಪರೂಪ. ಮನೆಯಲ್ಲಿ ನಾವು ಮೂವರೇ. ಅತ್ತೆ ಸೊಸೆಗೆ ಜಗಳವಿರಲಿಲ್ಲ, ಮಾತೂ ಅಷ್ಟಕ್ಕಷ್ಟೆ. ಉಪ್ಪು ಹೆಚ್ಚಾಯಿತು, ನಲ್ಲಿ ಸೋರುತ್ತಿದೆ, ಮುಗಿಯಿತು. ಆದರೆ ನನಗೆ ರಜೆಯಿದ್ದ ದಿನ ನೋಡುತ್ತಿದ್ದೆ, ಸಂಜೆ ರೇಡಿಯೋದಲ್ಲಿ ಸೊಸೆ "ನಮಸ್ಕಾರ" ಅಂದರೆ ಸಾಕು, ಅಡುಗೆಮನೆಯಿಂದ ಅಮ್ಮನೂ "ನಮಸ್ಕಾರ" ಅನ್ನುತ್ತಿದ್ದಳು. ಅತ್ತಿಗೆ ಮನೆಗೆ ಬಂದಾಗ "ಬಂದ್ಯಾ" ಎಂದು ಕೇಳಿದವಳಲ್ಲ. "ಆ ಕೊಳಲಿನವನಿಗೆ ಇವತ್ತು ನೆಗಡಿಯಾಗಿತ್ತಾ?" ಎನ್ನುವಳು. ಅದೇ ಅವಳ ಅಕ್ಕರೆ.

ಇಂಥ ಸ್ಟೇಷನ್ನು ಒಂದು ದಿನ ಮಾರಾಟವಾಯಿತು. ಕೊಂಡವರದು ಸಿನಿಮಾ ಹಾಡು, ಹರಟೆ, ಜಾಹೀರಾತಿನ ವ್ಯಾಪಾರ. ಅವರ ಮ್ಯಾನೇಜರು ಕೋಣೆಗೆ ಬರುವ ಮೊದಲು ಅವನ ಸೆಂಟು ಬರುತ್ತಿತ್ತು. ನಾವು ಅವನನ್ನು ಸೆಂಟು ಸಾಹೇಬ ಎಂದೆವು. ಅವನು ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದ:

"ಮುಚ್ತೀವಿ ಅಂತ ಮೊದ್ಲೇ ಹೇಳಿದ್ರೆ ಸುಮ್ನೆ ಗಲಾಟೆ. ಮನೇಲೂ ಬಾಯಿಬಿಡ್ಬೇಡಿ. ಕೊನೇ ದಿನ, ಕಾರ್ಯಕ್ರಮ ಎಲ್ಲ ಮುಗಿದ್ಮೇಲೆ ಒಂದೇ ಒಂದು ಸಾಲು ಹೇಳ್ಕೊಳ್ಳಿ. ಅದಕ್ಕೆ ಮುಂಚೆ ವಿಷಯ ಹೊರಗೆ ಹೋದ್ರೆ ಆ ಕ್ಷಣಾನೇ ಲೈನ್ ಕಟ್."

ಅಮ್ಮನಿಗೆ ಹೇಳುವುದೂ ಊರಿಗೆ ಡಂಗುರ ಸಾರುವುದೂ ಒಂದೇ, ಅದು ನಿಜ. ಆದರೆ ಅತ್ತಿಗೆ ಸುಮ್ಮನಿದ್ದುದು ಸಾಹೇಬನ ಹೆದರಿಕೆಗಲ್ಲ.

"ಅತ್ತೆ ಎದುರಿಗೆ ನಿಂತು ಹೇಳೋಕೆ ನನ್ನ ಕೈಲಾಗಲ್ಲ ಕಣಪ್ಪ," ಎಂದರು ಬಸ್ಸಿನಲ್ಲಿ. "ಆ ಸಾಲು ಇದೆಯಲ್ಲ, ಅದರಲ್ಲೇ ಹೇಳ್ತೀನಿ. ಮನೇಲಿ ನಾನು ಹೇಳಿದ್ದು ಅವರ ಕಿವಿಗೆ ಹೋಗತ್ತೋ ಇಲ್ವೋ. ರೇಡಿಯೋದಲ್ಲಿ ಹೇಳಿದ್ದನ್ನ ಒಂದಕ್ಷರ ಬಿಡಲ್ಲ."

ಆ ಸಾಲನ್ನು ಅವರು ಎಷ್ಟು ಸಲ ತಿದ್ದಿದರೋ. "ಇದು ನಮ್ಮ ಕೊನೆಯ ಕಾರ್ಯಕ್ರಮ, ನಿಮ್ಮ ರೇಡಿಯೋ ಕೆಟ್ಟಿಲ್ಲ, ಹೋಗುತ್ತಿರುವವರು ನಾವು, ಇಷ್ಟು ವರ್ಷ ಕೇಳಿದ ನಿಮಗೆ ಕೈಮುಗಿಯುತ್ತೇನೆ." ಒಂದೇ ಸಾಲು ಅಂದದ್ದಕ್ಕೆ ಎಲ್ಲವನ್ನೂ ಒಂದರಲ್ಲೇ ತುರುಕಿದ್ದರು.

ನನಗೆ ಭಯವಿದ್ದುದು ಟ್ರಾನ್ಸ್‌ಮಿಟರ್ ಕೋಣೆಯ ಯಂತ್ರದ ಬಗ್ಗೆ. ಲೈನಿನಲ್ಲಿ ಸದ್ದು ನಿಂತರೆ ಏನೋ ಕೆಟ್ಟಿದೆ ಎಂದುಕೊಂಡು ತಾನಾಗಿಯೇ ಬೇರೆ ಕಾರ್ಯಕ್ರಮ ಹಾಕುವ ಯಂತ್ರ ಅದು. ಅತ್ತಿಗೆಯ ಮೌನದ ಸಲುವಾಗಿ ನಾವು ಅದಕ್ಕೆ ಬೇಕಾದಷ್ಟು ತಾಳ್ಮೆ ಕಲಿಸಿದ್ದೆವು. ಸೆಂಟು ಸಾಹೇಬ ಕೊನೆಯ ದಿನ ಬೆಳಿಗ್ಗೆ ಅದನ್ನು ಐದೇ ಸೆಕೆಂಡಿಗೆ ಇಳಿಸಿ, ಕೋಣೆಗೆ ಬೀಗ ಹಾಕಿ ಕೀಲಿ ಜೇಬಿಗಿಳಿಸಿದ. ಕೊನೆಯ ಸಂಜೆ ನಮ್ಮ ಕಡೆ ಐದು ಸೆಕೆಂಡು ಸದ್ದಿಲ್ಲದಿದ್ದರೆ ಹೊಸ ಕಂಪನಿಯ ಕಾರ್ಯಕ್ರಮ ಶುರು. ಒಮ್ಮೆ ಶುರುವಾದರೆ ಮತ್ತೆ ನಮ್ಮತ್ತ ತಿರುಗುವುದಿಲ್ಲ.

ಆ ಸಂಜೆ ನುಡಿಸಲು ಬಂದವರು ಪಿಟೀಲಜ್ಜ. ಅವರಿಗೆ ಅತ್ತಿಗೆ ಮೊದಲೇ ಎಲ್ಲ ಬಿಡಿಸಿ ಹೇಳಿದರು.

"ಎಲ್ಲೂ ನಿಲ್ಲಿಸ್ಬೇಡಿ ಅಜ್ಜ."

"ಶ್ರುತಿ ಸರಿಮಾಡ್ಕೊಳ್ಳೋಕೂ ನಿಲ್ಲಿಸ್ಬಾರ್ದಾ? ನಾನೇನು ರೈಲಾ?" ಎಂದರು ಅಜ್ಜ. ಆಮೇಲೆ ಅತ್ತಿಗೆಯ ಮುಖ ನೋಡಿ, "ಆಯ್ತು ತಾಯಿ," ಎಂದು ಒಪ್ಪಿದರು.

ಪ್ರಸಾರ ಶುರುವಾಯಿತೆನ್ನುವ ಕೆಂಪು ದೀಪ ಹತ್ತಿತು. ಅಜ್ಜ ಚೆನ್ನಾಗಿಯೇ ನುಡಿಸಿದರು, ಒಪ್ಪಿದ್ದನ್ನು ಮಾತ್ರ ಮರೆತರು. ಕೊನೆಯ ರಚನೆಗೆ ಮುಂಚೆ ಕಮಾನು ಕೆಳಗಿಟ್ಟು ಕನ್ನಡಕ ಒರೆಸತೊಡಗಿದರು. ನನ್ನ ಮುಂದೆ ಸದ್ದು ಅಳೆಯುವ ಮುಳ್ಳು ಮಲಗಿತು. ಒಂದು, ಎರಡು, ಮೂರು. ಆಗ ಅತ್ತಿಗೆ ಮೈಕಿಗೆ ಬಾಗಿ ಕೆಮ್ಮಿದರು. ಜೀವಮಾನವಿಡೀ ನುಂಗಿದ್ದ ಕೆಮ್ಮುಗಳೆಲ್ಲ ಒಟ್ಟಿಗೆ ಬಂದ ಹಾಗೆ ಕೆಮ್ಮಿದರು. ಅಜ್ಜ ದುರುಗುಟ್ಟಿ ನೋಡಿ, "ಸ್ವಲ್ಪ ನೀರು ಕುಡಿ ತಾಯಿ," ಎಂದರು. ಅದೂ ಊರಿಗೆಲ್ಲ ಕೇಳಿಸಿತು. ಮುಳ್ಳು ಎದ್ದು ಕುಣಿಯಿತು.

ಗಂಡಾಂತರ ಕಳೆಯಿತು ಅಂದುಕೊಂಡೆ. ಅಜ್ಜ ಕೊನೆಯದನ್ನು ಎತ್ತಿಕೊಂಡರು. ಅದು ನಿಧಾನದ್ದು. ಅಂಥದ್ದನ್ನು ಅವರಿಂದ ನಾನು ಹಿಂದೆಂದೂ ಕೇಳಿರಲಿಲ್ಲ. ಅಷ್ಟು ದಿನದ ಸಿಟ್ಟು, ಸೆಂಟು ಸಾಹೇಬ, ಬೀಗ, ಕೀಲಿ ಎಲ್ಲ ನನ್ನ ತಲೆಯಿಂದ ಹೋಗಿಬಿಟ್ಟವು. ಅತ್ತಿಗೆ ಚೀಟಿ ಹಿಡಿದು, ತುಟಿಯನ್ನು ಮೈಕಿನ ಹತ್ತಿರವಿಟ್ಟು ತಯಾರಾಗಿ ಕೂತಿದ್ದರು. ಕೊನೆಯ ಸ್ವರ ತೆಳ್ಳಗಾಗುತ್ತ, ಇನ್ನೂ ತೆಳ್ಳಗಾಗುತ್ತ ಹೋಯಿತು. ಅತ್ತಿಗೆಯ ಕಣ್ಣು ಮುಚ್ಚಿಕೊಂಡವು.

ಮುಳ್ಳು ಮಲಗಿತು. ನಾನು ಎದ್ದು ಎರಡೂ ಕೈ ಬೀಸಿದೆ. ಮುಚ್ಚಿದ ಕಣ್ಣಿಗೆ ಏನು ಕಂಡೀತು? ಮೈಕು ತೆರೆದಿರುವಾಗ ನನ್ನ ಮಾತು ಸ್ಟುಡಿಯೋಕ್ಕೆ ಹೋಗುವ ದಾರಿ ಬಂದ್ ಇರುತ್ತದೆ. ಗಾಜು ಬಡಿಯಲು ಮುಷ್ಟಿ ಎತ್ತಿದೆ. ಒಂದು ಏಟು ಬಿದ್ದಿದ್ದರೆ ಸಾಕಿತ್ತು; ಅವರಿಗೂ ಎಚ್ಚರವಾಗುತ್ತಿತ್ತು, ಯಂತ್ರಕ್ಕೂ ಸದ್ದು ಸಿಗುತ್ತಿತ್ತು. ಆದರೆ ಕೆಂಪು ದೀಪದ ಕೆಳಗೆ ಸದ್ದು ಮಾಡಿ ಗೊತ್ತೇ ಇಲ್ಲದ ಕೈ ಅದು. ಗಾಜಿಗೆ ಒಂದು ಬೆರಳಿನಷ್ಟು ದೂರದಲ್ಲಿ ನಿಂತುಬಿಟ್ಟಿತು.

ನಾನು ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಊರಿಗೆ ಹೋಗುತ್ತಿರುವ ಪ್ರಸಾರವೇ ಕೇಳಿಸುತ್ತದೆ. ಅದರಲ್ಲಿ ಯಾವನೋ ಗಹಗಹಿಸಿ ನಕ್ಕು ಸೋಪು ಮಾರತೊಡಗಿದ.

ಆಗ ಅತ್ತಿಗೆ ಕಣ್ಣು ತೆರೆದರು. ಆ ಸಾಲನ್ನು ಹೇಳಿದರು. ಒಂದು ಕಡೆಯೂ ತಡವರಿಸದೆ, "ಕೈಮುಗಿಯುತ್ತೇನೆ" ಎಂಬುದರವರೆಗೆ, ಪೂರ್ತಿ ಹೇಳಿದರು. ಅದನ್ನು ಕೇಳಿದವರು ಅಜ್ಜ ಮತ್ತು ಹೆಡ್‌ಫೋನು ಕಿತ್ತು ಮೇಜಿನ ಸ್ಪೀಕರಿಗೆ ಕಿವಿಗೊಟ್ಟ ನಾನು, ಇಬ್ಬರೇ. ಮೈಕು ಮುಚ್ಚಿ, ಮುಗುಳ್ನಗುತ್ತ ನನ್ನತ್ತ ತಿರುಗಿದರು. ನನ್ನ ಮುಖ ನೋಡಿ ಅವರಿಗೆ ಗೊತ್ತಾಯಿತು.

ಮನೆಯ ಮೆಟ್ಟಿಲ ಹತ್ತಿರ ಬಂದಾಗ, "ನಾನೇ ಹೇಳ್ತೀನಿ. ನೀನು ಬಾಯಿ ಹಾಕ್ಬೇಡ," ಎಂದರು. ಅವರ ಧ್ವನಿ ನಡುಗುತ್ತಿದ್ದುದನ್ನು ಅವತ್ತೇ ಮೊದಲು ಕೇಳಿದ್ದು.

ಅಮ್ಮ ನೆಲದ ಮೇಲೆ ಕೂತಿದ್ದಳು. ರೇಡಿಯೋದ ಹಿಂದಿನ ಮುಚ್ಚಳ ತೆಗೆದು, ಸೆಲ್ಲುಗಳನ್ನು ಮಡಿಲಲ್ಲಿ ಹಾಕಿಕೊಂಡು ಒಂದೊಂದನ್ನೇ ಸೆರಗಿನಲ್ಲಿ ಉಜ್ಜುತ್ತಿದ್ದಳು.

"ಅಜ್ಜ ನುಡಿಸಿ ಮುಗಿಸಿದ್ದೇ ತಡ, ಯಾವನೋ ಸೋಪಿನವನು ನುಗ್ಗಿದ," ಎಂದಳು. "ಎಷ್ಟು ತಿರುಗಿಸಿದ್ರೂ ಹೋಗ್ತಾನೇ ಇಲ್ಲ. ನಾಳೆ ಬೆಳಗ್ಗೇನೇ ರಿಪೇರಿಗೆ ಕೊಡಿ. ಸಂಜೆ ಹೊತ್ತಿಗೆ ಬೇಕು ನನಗೆ."

ಅತ್ತಿಗೆ ಅವಳ ಎದುರು ಕೂತರು.

"ಅತ್ತೆ, ರೇಡಿಯೋ ಸರಿಯಾಗೇ ಇದೆ. ನಮ್ಮ ಸ್ಟೇಷನ್ ಮುಚ್ಚಿಹೋಯ್ತು. ಇನ್ನು ಬರಲ್ಲ."

ಅಮ್ಮ ನನ್ನ ಕಡೆ ಮುಖ ತಿರುಗಿಸಿದಳು, ಸುಳ್ಳು ಅಂತ ನಾನಾದರೂ ಹೇಳಲಿ ಎಂಬಂತೆ. ಆಮೇಲೆ ಸೊಸೆಯ ಕಡೆ ತಿರುಗಿದಳು.

"ಯಾವಾಗಿಂದ ಗೊತ್ತಿತ್ತು ನಿಂಗೆ?"

"ಒಂದು ತಿಂಗಳಿಂದ."

ಅಮ್ಮ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಸೆಲ್ಲುಗಳನ್ನು ನೆಲದ ಮೇಲಿಟ್ಟಳು.

"ಮೊನ್ನೆ ಆ ಹೆಂಗಸು ಹಾಡ್ತಿರುವಾಗ ನಾನು ನಲ್ಲಿ ಬಿಟ್ಕೊಂಡು ಪಾತ್ರೆ ತೊಳೀತಿದ್ದೆ," ಎಂದಳು. "ನಿನ್ನೆ ಪಕ್ಕದ ಮನೆಯವಳು ಬಂದ್ಳು ಅಂತ ಅರ್ಧಕ್ಕೇ ಆರಿಸ್ದೆ. ನಾಳೆ ಇದ್ದೇ ಇರತ್ತಲ್ಲ ಅಂದ್ಕೊಂಡೆ. ಒಂದು ಮಾತು ಹೇಳಿದ್ರೆ, ಕೂತು ಕೇಳ್ತಿದ್ನಲ್ಲೇ."