ಸಿಡಿಮದ್ದು ಮೇಸ್ತ್ರಿಯ ಕೈ

ನಮ್ಮ ಬಡಗಿ ಮೇಸ್ತ್ರಿಗೆ ಬೀದಿಯವರು ಇಟ್ಟ ಹೆಸರು ಸಿಡಿಮದ್ದು. ಮೂಗಿನ ತುದಿಯಲ್ಲೇ ಕೋಪ. ಗಂಟುಗಂಟಾದ ಹಲಗೆಯನ್ನು ಬೈಯುತ್ತಿದ್ದರು, ಒಣಗದ ಅಂಟನ್ನು ಬೈಯುತ್ತಿದ್ದರು, ಗಿರಾಕಿಗಳಿಗಂತೂ ನೀರಿಳಿಸಿಬಿಡುತ್ತಿದ್ದರು. ಕೆಲಸ ಕಲಿಯಲು ಬಂದವರ ಹತ್ತಿರ ಮಾತ್ರ ದನಿ ಇಳಿಯುತ್ತಿತ್ತು.

ಅದಕ್ಕೆ ಕಾರಣ ಗೋಡೆಯ ಮೇಲಿನ ಪಟ, ಸಂತ ಜಾನ್ ಬಾಸ್ಕೊ ಅವರದು. ಬೀದಿಪಾಲಾದ ಹುಡುಗರನ್ನು ಆ ಪಾದ್ರಿ ಕೆಲಸಕ್ಕೆ ಸೇರಿಸುವಾಗ ಯಜಮಾನರಿಂದ ಕರಾರು ಬರೆಸಿಕೊಳ್ಳುತ್ತಿದ್ದರಂತೆ: ತಿದ್ದುವುದು ಮಾತಿನಲ್ಲಿ, ಹೊಡೆಯುವಂತಿಲ್ಲ. ಮೇಸ್ತ್ರಿ ತಾವು ಕಲಿಯುವಾಗ ಏಟು ತಿಂದೇ ಕಲಿತವರು. ನನಗೂ ಅಂಥದೇ ಕರಾರು ಬರೆದು ಸಹಿ ಹಾಕಿಕೊಟ್ಟರು. ನಾನು ನಂಬಲಿಲ್ಲ. ಸಂತರಿಗೆ ಕೈಮುಗಿಯುವವರನ್ನು ಬೇಕಾದಷ್ಟು ಕಂಡಿದ್ದೆ.

ನನಗಾಗ ಹದಿನೇಳು. ಮನೆ ಬಿಟ್ಟು ಬಂದು ಕಾನ್ವೆಂಟಿನ ಸಿಸ್ಟರುಗಳ ಹಾಸ್ಟೆಲ್ಲಿನಲ್ಲಿದ್ದೆ. ಮೂರು ಕಡೆ ಕೆಲಸ ಬಿಟ್ಟಿದ್ದೆ. ಯಜಮಾನರು ಹೊರಗೆ ಹಾಕುವ ಮೊದಲು ನಾನೇ ಹೊರಡುವುದು ನನ್ನ ಮರ್ಯಾದೆ.

ಮೇಸ್ತ್ರಿಯ ಹತ್ತಿರ ಸೇರಿದ ಐದನೇ ತಿಂಗಳಲ್ಲಿ ಒಂದು ಬೀರುವಿನ ಜೋಡಿ ಕದ ನನ್ನ ಕೈಗೆ ಬಂತು. ಕದ ತಿರುಗುವ ಹಿಂಜ್ ಕೂರುವ ಜಾಗವನ್ನು ಒಂದಕ್ಕೆ ಎಡಗಡೆ, ಇನ್ನೊಂದಕ್ಕೆ ಬಲಗಡೆ ಕೊರೆಯಬೇಕಿತ್ತು; ನಾನು ಎರಡಕ್ಕೂ ಎಡಗಡೆಯೇ ಕೊರೆದಿಟ್ಟೆ. ತಲೆಕೆಳಗು ಮಾಡೋಣವೆಂದರೆ ಮೇಲ್ತುದಿಯಲ್ಲಿ ಹಕ್ಕಿಯ ಕೆತ್ತನೆ. ಗಿರಾಕಿ ಮರುದಿನವೇ ಬೀರು ಒಯ್ಯುವವರಿದ್ದರು.

ಮೇಸ್ತ್ರಿ ಬಂದು ನೋಡಿದರು. ಅವರ ಬಲಗೈ ಸರ್ರನೆ ಮೇಲೆದ್ದಿತು. ನಾನು ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕುಕ್ಕರಿಸಿದೆ.

ಏಟು ಬೀಳಲಿಲ್ಲ. ಕಣ್ಣು ಬಿಟ್ಟಾಗ ಅವರು ಕಿವಿಯ ಮೇಲೆ ಸಿಕ್ಕಿಸಿದ್ದ ಪೆನ್ಸಿಲ್ ಕೈಯಲ್ಲಿ ಹಿಡಿದು ನಿಂತಿದ್ದರು. ಮುಖ ಬಿಳಿಚಿಕೊಂಡಿತ್ತು. ಮರದ ಹೊಟ್ಟಿನ ಮೇಲೆಯೇ ನನ್ನೆದುರು ಮೆಲ್ಲಗೆ ಕೂತರು.

“ಯಾರು ಹೊಡೀತಿದ್ರು ಮಗಳೇ?”

“ಅಪ್ಪ,” ಎಂದೆ. ಅದುವರೆಗೆ ಯಾರಿಗೂ ಹೇಳಿರಲಿಲ್ಲ. ನಾಚಿಕೆಯಾಗಿ ಅಳು ಬಂತು. ಎದ್ದು ಚೀಲ ಹೆಗಲಿಗೇರಿಸಿದೆ.

“ಎಲ್ಲಿಗೆ?”

“ನೀವು ಹೋಗು ಅನ್ನೋಕೆ ಮುಂಚೆ ನಾನೇ ಹೋಗ್ತೀನಿ.”

“ಎರಡೂ ಎಡಗಡೆ ಕದ ಮಾಡಿಟ್ಟು ಓಡಿಹೋಗ್ತೀಯಾ? ಬಲಗಡೇದು ಯಾರು ಮಾಡ್ತಾರೆ, ನಿಮ್ಮ ಸಿಸ್ಟರಾ?”

ಅಳುವಿನ ನಡುವೆಯೇ ನನಗೆ ನಗು ಬಂದುಬಿಟ್ಟಿತು.

ಆಮೇಲೆ ಗಿರಾಕಿಗೆ ಫೋನು ಮಾಡಿದರು. “ಕದ ಕೆಟ್ಟಿದೆ, ತಪ್ಪು ನಂದೇ, ನಾಲ್ಕು ದಿನ ಕೊಡಿ.” ಆ ಕಡೆಯ ಬೈಗುಳ ನನಗೂ ಕೇಳಿಸುತ್ತಿತ್ತು. ಒಂದು ಮಾತಿಗೆ ಹತ್ತು ಆಡುವ ಸಿಡಿಮದ್ದು ತುಟಿಪಿಟಿಕ್ಕೆನ್ನದೆ ಕೇಳಿಸಿಕೊಂಡರು. ನನ್ನ ತಪ್ಪಿಗೆ ಇನ್ನೊಬ್ಬರು ಬೈಸಿಕೊಂಡದ್ದು ಅದೇ ಮೊದಲು. ಪಟದಲ್ಲಿರುವವರನ್ನು ನಂಬಿದರೆ ಹೀಗೆ ನಂಬಬೇಕು ಅನ್ನಿಸಿತು.

ಅಂದಿನಿಂದ ನನ್ನ ಪಕ್ಕದಲ್ಲಿ ಕೈ ಎತ್ತುವ ಮೊದಲು ಅವರು ಹೇಳುತ್ತಿದ್ದರು: “ಪೆನ್ಸಿಲ್ ತಗೋತಿದ್ದೀನಮ್ಮ.” ಮೇಸ್ತ್ರಿಗೆ ಅರಳುಮರಳು ಎಂದು ಹೊಸಬರು ನಗುತ್ತಿದ್ದರು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ವರ್ಷ ಹೀಗೇ ನಡೆಯಿತು.

ಒಂದು ಮಧ್ಯಾಹ್ನ ಹಲಗೆ ಜೋಡಿಸುತ್ತಿದ್ದರು, ಎರಡೂ ಕೈಗೆ ಅಂಟು ಮೆತ್ತಿತ್ತು. “ಪೆನ್ಸಿಲ್...” ಎಂದು ಶುರುಮಾಡಿದರು. ನಾನೇ ಕೈ ಚಾಚಿ ಅವರ ಕಿವಿಯ ಮೇಲಿಂದ ಅದನ್ನು ತೆಗೆದುಕೊಂಡೆ.

“ಇನ್ಮೇಲೆ ಹೇಳ್ಬೇಡಿ ಮೇಸ್ತ್ರಿ, ನಂಗೀಗ ಭಯ ಇಲ್ಲ. ಗುರುತು ಎಲ್ಲಿ ಹಾಕ್ಲಿ?”

ಮೇಸ್ತ್ರಿ ಮೊದಲು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಅಂಟು ಮೆತ್ತಿದ ಬೆರಳಿನಿಂದ ಜಾಗ ತೋರಿಸಿದರು.