ಮಂದಿ ಕೇಳೂದು ಒಂದ ಸಲ

ಪ್ಲಾಸ್ಟಿಕ್ ಚೀಲದ ಗಂಟು ಬಿಚ್ಚಿದ್ದೇ ತಡ, ಮೂರು ಸಲ ಸೀನಿದೆ. ಒಳಗಿದ್ದದ್ದು ಒಂದು ಹಳೆಯ ಹಾರ್ಡ್ ಡಿಸ್ಕ್. ಅದರ ಸಂದುಗಳಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಧೂಳು ಇನ್ನೂ ಕೂತಿತ್ತು. ಕಳೆದ ಭಾನುವಾರ ಅದನ್ನು ರಾಣೆಬೆನ್ನೂರಿನ ನಮ್ಮ ಮನೆಗೆ ತಂದವಳು ಆಪಾ ಅವರ ಮಗಳು. ಕಣ್ಣಲ್ಲಿ ನೀರು ಬಂತು. ಎಲ್ಲವೂ ಘಾಟಿನಿಂದಲೇ ಬಂದದ್ದು ಎನ್ನಲಾರೆ…

ಆಪಾ ಎಂದರೆ ಉರ್ದುವಿನಲ್ಲಿ ಅಕ್ಕ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹತ್ತಿರ ಅವರದೊಂದು ಡಿಟಿಪಿ ಅಂಗಡಿ ಇತ್ತು. ಲಗ್ನಪತ್ರಿಕೆ, ಅರ್ಜಿ, ಆಸ್ತಿ ಪಾಲಿನ ವಾಟ್ನಿ ಪತ್ರ, ಎಲ್ಲ ಅವರ ಕೈಯಲ್ಲೇ ಟೈಪ್ ಆಗುತ್ತಿದ್ದವು. ಡಿಗ್ರಿ ಮುಗಿಸಿದ ಮೇಲೆ ಕನ್ನಡ ಟೈಪಿಂಗ್ ಕಲಿಯಲು ನಾನು ದಿನಾ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. ಕಂಪ್ಯೂಟರ್ ಬಗ್ಗೆ ನನಗೆ ಎಲ್ಲ ಗೊತ್ತು ಎಂಬ ಜಂಬ ಬೇರೆ.

ಆ ಜಂಬ ಇಳಿಸಿದ್ದು ಕಾಗಿನೆಲೆಯ ಒಬ್ಬ ಅಜ್ಜ. ಹಿಂದೆಂದೋ ಟೈಪ್ ಮಾಡಿಸಿದ್ದ ವಾಟ್ನಿ ಪತ್ರದ ಇನ್ನೊಂದು ಪ್ರತಿ ಅವನಿಗೆ ಬೇಕಿತ್ತು. ನಾನು ಫೈಲಿನ ಹೆಸರು ಹುಡುಕಿದೆ, ಸಿಗಲಿಲ್ಲ. ಫೈಲಿನ ಒಳಗಿನ ಮಾತು ಹುಡುಕಲು ಬೇರೆ ಸಾಧನ ತೆರೆದೆ, ಅದು ಒಳಗಿನ ಫೋಲ್ಡರುಗಳಿಗೆ ಇಳಿಯಲೇ ಇಲ್ಲ. ಇಳಿಯುವಂಥ ಮೂರನೆಯದನ್ನು ತೆರೆದರೆ, ಅದಕ್ಕೆ ಹಳೆಯ ಕನ್ನಡ ಫಾಂಟೆಲ್ಲ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಸಾಲದ್ದಕ್ಕೆ ಊರಿನ ಹೆಸರು ಒಂದು ಕಡೆ ಕಾಗಿನೆಲೆ, ಇನ್ನೊಂದು ಕಡೆ ಕಾಗಿನೆಲ್ಲಿ. ಅಜ್ಜ ಬಸ್ಸು ತಪ್ಪುತ್ತದೆಂದು ಚಡಪಡಿಸುತ್ತಿದ್ದ. ಆಪಾ ಬಂದು, ಫೋಲ್ಡರಿನೊಳಗಿನ ಫೋಲ್ಡರ್ ತೆರೆದು, ಪತ್ರ ತೆಗೆದುಕೊಟ್ಟರು.

“ತಮ್ಮಾ, ನೀ ಮೂರ ಸಲ ಹುಡುಕ್ತಿ. ಮಂದಿ ಕೇಳೂದು ಒಂದ ಸಲ,” ಎಂದರು.

ಆ ಮಾತು ತಲೆಯಿಂದ ಹೋಗಲೇ ಇಲ್ಲ. ಈಗ ನಾನು ಹಾವೇರಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಕೆಲವು ತಿಂಗಳಿಂದ ಒಂದೇ ಹುಚ್ಚು. ನನ್ನ ಟೆಕ್ಸ್ಟ್ ಎಡಿಟರಿನಲ್ಲಿ ಹೆಸರಿಗೊಂದು, ಒಳಮಾತಿಗೊಂದು, ಒಳಫೋಲ್ಡರಿಗೊಂದು ಎಂದು ಚದುರಿಕೊಂಡಿದ್ದ ಹುಡುಕುವ ಸಾಧನಗಳನ್ನೆಲ್ಲ ಕೀಬೋರ್ಡಿನ ಒಂದೇ ಕೀಲಿಗೆ ಕಟ್ಟಬೇಕು. ಒಮ್ಮೆ ಕೇಳಿದರೆ ಅದು ಎಷ್ಟು ಆಳಕ್ಕಾದರೂ ಇಳಿದು, ಹಳೆಯ ಫಾಂಟನ್ನೂ ಓದಿ, ಸಿಕ್ಕಿದ್ದನ್ನೆಲ್ಲ ಒಂದೇ ಪಟ್ಟಿಯಲ್ಲಿ ತಂದಿಡಬೇಕು. ಶನಿವಾರ ಮಧ್ಯಾಹ್ನ ಅದು ಓಡಿಯೇಬಿಟ್ಟಿತು! ಕುಣಿಯುವುದೊಂದು ಬಾಕಿ. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ತೊಗರಿಬೇಳೆಯ ಮೊರ ಹಿಡಿದುಕೊಂಡೇ ಬಂದು, ಚಂದ ಐತಿ ಎಂದು ಹೇಳಿ ಹೋದಳು. ತೋರಿಸಲೇಬೇಕಿದ್ದ ಆಪಾ ತೀರಿಕೊಂಡು ಎರಡು ವರ್ಷವಾಗಿತ್ತು…

ಮರುದಿನವೇ ಈ ಡಿಸ್ಕ್. ಆಪಾ ಅವರ ಮಗಳಿಗೆ ಬೇಕಾದದ್ದು ಇಷ್ಟೇ: ಊರ ಮಂದಿಯದೆಲ್ಲ ಟೈಪ್ ಮಾಡಿದ ಅಮ್ಮಿ ತನ್ನದೆಂದು ಒಂದು ಸಾಲಾದರೂ ಬರೆದಿಟ್ಟಿದ್ದಾಳೆಯೇ? ಮನೆಯಲ್ಲಿ ಅವರು ಬರೆದ ಒಂದು ಚೀಟಿಯೂ ಉಳಿದಿರಲಿಲ್ಲ. ಡಿಸ್ಕ್ ಜೋಡಿಸಿ, ಹುರುಪಿನಿಂದ ಅವರ ಹೆಸರು ಕೊಟ್ಟೆ. ಒಂದೂ ಬರಲಿಲ್ಲ. ಆಪಾ ಎಂದು ಕೊಟ್ಟೆ. ಯಾರ್ಯಾರದೋ ಲಗ್ನಪತ್ರಿಕೆಗಳು ಬಂದವು. ನನ್ನ ಮುಖ ಸಣ್ಣದಾಯಿತು. ಬೆನ್ನ ಹಿಂದೆ ನಿಂತು ನೋಡುತ್ತಿದ್ದ ಮಗಳು ಆಗ ಬಾಯಿ ಬಿಟ್ಟಳು.

“ಪತ್ರದಾಗ ಎಲ್ಲಾರೂ ‘ಬರುತ್ತೇನೆ’ ಅಂತ ಬರಸ್ತಾರ್ರಿ ಅಣ್ಣಾ. ಅಮ್ಮಿ ಹಂಗ ಅಂತಿದ್ದಿಲ್ಲ. ‘ಬರ್ತೇನಿ’ ಅಂತ ಹುಡುಕ್ರಿ.”

ಎಂಥ ಮಾತು! ಇಷ್ಟು ತಿಂಗಳು ತಲೆ ಕೆಡಿಸಿಕೊಂಡ ನನಗೆ ಇದು ಹೊಳೆದಿರಲಿಲ್ಲ. ಟೈಪ್ ಮಾಡಿ ಕೀಲಿ ಒತ್ತಿದೆ. ಅಷ್ಟು ಸಾವಿರ ಫೈಲುಗಳಲ್ಲಿ ಸಿಕ್ಕಿದ್ದು ಒಂದೇ ಒಂದು, ಏಳು ಫೋಲ್ಡರುಗಳ ಒಳಗೆ, ಹಳೆಯ ಫಾಂಟಿನಲ್ಲಿ. ಸಿಕ್ತು ಎಂದು ಕೂಗಿಯೇಬಿಟ್ಟೆ. ಅಂಗಡಿಯ ಬಾಗಿಲಿಗೆ ಅಂಟಿಸಲು ಆಪಾ ಬರೆದಿಟ್ಟುಕೊಂಡಿದ್ದ ಚೀಟಿ ಅದು.

“ನಮಾಜಿಗೆ ಹೋಗೇನಿ. ಹತ್ತು ನಿಮಿಷ ಕುಂದ್ರಿ. ಲಗೂ ಬರ್ತೇನಿ.”

ಬರುವವರಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅಷ್ಟು ಹೊತ್ತು ನಿಂತೇ ಇದ್ದ ಮಗಳು ಕುರ್ಚಿ ಎಳೆದುಕೊಂಡು ಕೂತಳು.