ಕೈಯಿಲ್ಲದ ಬೊಂಬೆ ಮತ್ತು ಹತ್ತು ಮೀಟರ್ ಎತ್ತರ

ಎತ್ತರದ ವೇದಿಕೆಯಿಂದ ಧುಮುಕುವ ಕ್ರೀಡಾಪಟುಗಳ ತಲೆಗೆ ನೀರು ಎಷ್ಟು ಬಲವಾಗಿ ಬಡಿಯುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಕ್ರೀಡಾ ವಿಜ್ಞಾನ ವಿಭಾಗದಲ್ಲಿ ಮೊದಲು ಎತ್ತಿದವರು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಪ್ರಾಧ್ಯಾಪಕರು. ವಿದ್ಯಾರ್ಥಿಗಳ ಬಾಯಲ್ಲಿ ಅವರು ‘ಬೊಂಬೆ ಮೇಷ್ಟ್ರು’. ಅದು ಅವರಿಗೂ ಗೊತ್ತು. ಇಂಥ ಅಭಿನಂದನ ಗ್ರಂಥದಲ್ಲಿ ತಪ್ಪುಗಳನ್ನು ಬರೆಯುವ ರೂಢಿಯಿಲ್ಲ. ಆದರೆ ಅವರ ಅತ್ಯುತ್ತಮ ಕೆಲಸ ಶುರುವಾದದ್ದೇ ಒಂದು ತಪ್ಪಿನಿಂದ.

ನಾನು ಸಂಶೋಧನೆಗೆ ಸೇರಿದ ವರ್ಷ, ನಮ್ಮ ಈಜುಕೊಳದಲ್ಲಿ ಧುಮುಕುತ್ತಿದ್ದ ಒಬ್ಬ ಹುಡುಗಿ ಅಭ್ಯಾಸ ಮುಗಿದೊಡನೆ ತಲೆ ಹಿಡಿದು ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದಳು. ರಾಷ್ಟ್ರೀಯ ತಂಡದ ಆಯ್ಕೆ ಹತ್ತಿರವಿತ್ತು. ಮೇಷ್ಟ್ರು ರಬ್ಬರಿನ ತಲೆ–ಮುಂಡದ ಬೊಂಬೆಯೊಳಗೆ ಹೊಡೆತ ಅಳೆಯುವ ಸಂವೇದಕವಿಟ್ಟು ಹತ್ತು ಮೀಟರ್‌ನಿಂದ ತಲೆಕೆಳಗಾಗಿ ಬೀಳಿಸಿದರು. ಅಂಕಿ ನಾವು ಊಹಿಸಿದ್ದಕ್ಕಿಂತ ಎಷ್ಟೋ ಹೆಚ್ಚಿತ್ತು. ವೇದಿಕೆಯನ್ನೇ ಮುಚ್ಚಬೇಕೆಂದು ಅವರು ಕ್ರೀಡಾ ಸಮಿತಿಗೆ ಶಿಫಾರಸು ಮಾಡಿದರು, ಸಮಿತಿ ಒಪ್ಪಿತು.

ಸುದ್ದಿ ತಿಳಿಸಲು ತಾವೇ ಕೊಳಕ್ಕೆ ಹೋದರು. ತರಬೇತುದಾರರು ಕೆಂಡವಾದರು. “ತಲೆನೋವು ಅಂತ ನಿಮ್ಮ ಬೊಂಬೆ ಅತ್ತಿತ್ತಾ ಸಾರ್?”

ಮೇಷ್ಟ್ರು ಕೊಳದತ್ತ ತಿರುಗಿದರು. ಹುಡುಗಿ ದಡದಲ್ಲಿ ತೋಳುಗಳನ್ನು ತಲೆಯ ಮೇಲಕ್ಕೆ ಚಾಚಿ, ಒಂದು ಕೈಯಿಂದ ಇನ್ನೊಂದನ್ನು ಹಿಡಿದು ಮೈ ಸಡಿಲಿಸುತ್ತಿದ್ದಳು. ಅವರ ಕಣ್ಣು ಅಲ್ಲೇ ನೆಟ್ಟಿತು.

“ಇನ್ನೊಂದ್ಸಲ ಮಾಡಮ್ಮ.”

“ಯಾಕ್ ಸಾರ್, ಹೇಗೂ ಮುಚ್ತೀರಲ್ಲ.”

“ಮುಚ್ಚಲ್ಲ. ನೀರನ್ನ ಮೊದಲು ಸೀಳೋದು ಕೈ. ನನ್ನ ಬೊಂಬೆಗೆ ಕೈಯೇ ಇಲ್ಲ ಕಣಮ್ಮ.”

ಅಂದೇ ಸಮಿತಿಯೆದುರು ನಿಂತು, ತಾವು ಅಳೆದದ್ದು ತಪ್ಪೆಂದು ಒಪ್ಪಿ ಶಿಫಾರಸನ್ನು ಹಿಂತೆಗೆದುಕೊಂಡರು. ಬಳಿಕ ಧುಮುಕುವವರೆಲ್ಲರ ಕಿವಿಯ ಹಿಂದೆ ಪುಟ್ಟ ಸಂವೇದಕ ಅಂಟಿಸಿ, ಕೆಳಗಿನ ವೇದಿಕೆಯಿಂದ ಅಳೆದೆವು. ಉಳಿದವರ ತಲೆಗೆ ಬಿದ್ದ ಬಲ ಕಡಿಮೆ, ಅವಳದು ದುಪ್ಪಟ್ಟು. ನಿಧಾನಗತಿಯ ಚಿತ್ರದಲ್ಲಿ ಕಾರಣ ಕಂಡಿತು: ನೀರು ಮುಟ್ಟುವ ಮುನ್ನವೇ ಅವಳ ಎಡಗೈ ಜಾರಿ, ಹೊಡೆತ ನೇರವಾಗಿ ನೆತ್ತಿಗೆ ಬೀಳುತ್ತಿತ್ತು.

“ಎಡ ಮಣಿಕಟ್ಟು ನೋಯುತ್ತಾ?” ಮೇಷ್ಟ್ರು ಅವಳನ್ನು ಕರೆದು ಕೇಳಿದರು.

“ಆಯ್ಕೆ ಮುಗೀಲಿ ಅಂತ ಹೇಳ್ಲಿಲ್ಲ ಸಾರ್.”

ಕಾರಣ ಸಿಕ್ಕಿತೆಂದು ನಾವು ಪ್ರಯೋಗಾಲಯದಲ್ಲಿ ಕುಣಿದಾಡಿದೆವು. ಮೇಷ್ಟ್ರ ಮುಖವೂ ಅರಳಿತ್ತು, ಆದರೂ ಹೇಳಿದರು: “ಕುಣೀರಿ. ಆದ್ರೆ ಆ ಕೈಯಲ್ಲಿ ಅವಳು ಧುಮುಕೋ ಹಾಗಿಲ್ಲ, ಆಯ್ಕೆ ಈ ಸಲ ಹೋಯ್ತು. ಅದನ್ನ ನಾನೇ ಹೇಳ್ತೀನಿ.” ಹೇಳಿದರು. ಮಣಿಕಟ್ಟು ವಾಸಿಯಾಗುವವರೆಗೂ ಅವಳು ಅವರನ್ನು ಮಾತಾಡಿಸಲಿಲ್ಲ.

ಮುಂದಿನ ವರ್ಷ ತಲೆನೋವಿಲ್ಲದೆ ಹತ್ತು ಮೀಟರ್‌ನಿಂದ ಧುಮುಕಿ ತಂಡ ಸೇರಿದಳು. ಈಗ ಕಿರಿಯರಿಗೆ ಅವಳೇ ಕಲಿಸುತ್ತಾಳೆ. ಎಳೆಯ ಕುತ್ತಿಗೆ ಎಷ್ಟು ಬಡಿತ ತಾಳುತ್ತದೆ ಎಂಬುದನ್ನು ನಾವಿನ್ನೂ ಅಳೆದಿಲ್ಲ. ಅದನ್ನು ಅಳೆದು ಮುಗಿಸುವಷ್ಟು, ಮುಗಿಸಿ ಇನ್ನೊಂದು ಪ್ರಶ್ನೆ ಎತ್ತುವಷ್ಟು ದೀರ್ಘಾಯುಸ್ಸು ನಮ್ಮ ಮೇಷ್ಟ್ರಿಗೆ ಇರಲಿ. ಮೊನ್ನೆ ಅವಳು ವಿಭಾಗಕ್ಕೇ ಬಂದು ಹೇಳಿದಳು: “ಸೋಮವಾರದಿಂದ ನಿಮಗೆ ಕ್ಲಾಸ್ ಇಲ್ವಂತಲ್ಲ ಸಾರ್. ಬೆಳಗ್ಗೆ ಕೊಳಕ್ಕೆ ಬಂದ್ಬಿಡಿ. ನನ್ನ ಮಕ್ಕಳ ಕೈ ನೋಡಿ.”